ಅಡಿಕೆ ತೋಟದ ಊರು ಜನಗಣತಿಯಲ್ಲಿ ಪಟ್ಟಣವಾದದ್ದು ಹೇಗೆ?

ಓದುಗರ ಪ್ರಶ್ನೆ:

"ನಮ್ಮದು ಬಂಟ್ವಾಳ ತಾಲ್ಲೂಕಿನ ಒಂದು ಗ್ರಾಮ, ಹೆದ್ದಾರಿಯಿಂದ ಎರಡು ಕಿಲೋಮೀಟರ್ ಒಳಗೆ. ಎರಡೂವರೆ ಎಕರೆ ಅಡಿಕೆ ತೋಟ ಇದೆ, ಯಜಮಾನರು ನೋಡಿಕೊಳ್ಳುತ್ತಾರೆ. ಅತ್ತೆ ಈಗಲೂ ಬೀಡಿ ಕಟ್ಟುತ್ತಾರೆ. ಮೈದುನ ದುಬೈಯಲ್ಲಿದ್ದಾನೆ. ಮಗಳು ದ್ವಿತೀಯ ಪಿಯುಸಿಯಲ್ಲಿ ಭೂಗೋಳ ಓದುತ್ತಿದ್ದಾಳೆ. ಮೊನ್ನೆ ಅವಳು 2011ರ ಜನಗಣತಿಯ ಪಟ್ಟಿ ನೋಡಿ, 'ಅಮ್ಮ, ನಮ್ಮ ಊರು ಹಳ್ಳಿ ಅಲ್ಲ, ಪಟ್ಟಣ' ಅಂದಳು. ನಮಗಿರುವುದು ಗ್ರಾಮ ಪಂಚಾಯತ್! ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಮನೆ ತೆರಿಗೆ ದುಪ್ಪಟ್ಟಾಗುತ್ತದೆ, ಕುಮ್ಕಿ ಜಾಗ (ಪಟ್ಟಾ ಜಮೀನಿಗೆ ತಾಗಿದ, ನಾವು ಬಳಸಿಕೊಳ್ಳುವ ಸರ್ಕಾರಿ ಜಾಗ) ಕೈಬಿಡುತ್ತದೆ, ಮಗಳಿಗೆ ಗ್ರಾಮೀಣ ಮೀಸಲಾತಿ ಹೋಗುತ್ತದೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ಹೊರಗಿನವರು ಬಂದು ತುಂಬಿ ಜನಸಂಖ್ಯೆ ಸ್ಫೋಟ ಆದದ್ದೇ ಇದಕ್ಕೆಲ್ಲ ಕಾರಣ ಅಂತ ಇನ್ನೊಬ್ಬರು. ಎಲ್ಲಿ ನೋಡಿದರೂ ಹೊಸ ಮನೆ, ಅದು ನಿಜ. ಆದರೆ ನಾನು ಪುತ್ತೂರಿನಿಂದ ಮದುವೆಯಾಗಿ ಬಂದಾಗ 140 ಮಕ್ಕಳಿದ್ದ ಇಲ್ಲಿನ ಶಾಲೆಯಲ್ಲಿ ಈಗ 19 ಮಕ್ಕಳು. ಜನ ತುಂಬಿದ್ದರೆ ಮಕ್ಕಳೆಲ್ಲಿ? ಸಾಂದ್ರತೆ, ವಲಸೆ, ನಗರೀಕರಣ ಎಂದು ಮಗಳ ಪುಸ್ತಕದಲ್ಲಿರುವ ಪದಗಳು ನಮ್ಮ ಊರಿಗೆ ಹೊಂದುವುದೇ ಇಲ್ಲ. ದಯವಿಟ್ಟು ಬಿಡಿಸಿ ಹೇಳಿ."

ಉತ್ತರ:

ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಜನಗಣತಿಯ ಪುಸ್ತಕದಲ್ಲಿ ನಿಮ್ಮ ಊರು ಪಟ್ಟಣವಾಗಿದೆ ಎಂದ ಮಾತ್ರಕ್ಕೆ ತೆರಿಗೆ ಏರುವುದಿಲ್ಲ, ಕುಮ್ಕಿ ಹೋಗುವುದಿಲ್ಲ, ಮಗಳ ಗ್ರಾಮೀಣ ಪ್ರಮಾಣಪತ್ರಕ್ಕೂ ತೊಂದರೆಯಿಲ್ಲ. ಆದರೆ ಇದೇ ಪಟ್ಟಿಯ ಹಿಂದೆ ಮುಂದೊಂದು ದಿನ ಬರಬಹುದಾದ ಬದಲಾವಣೆಯೊಂದಿದೆ. ಅದಕ್ಕೆ ನೀವು ಸಿದ್ಧರಿರಬೇಕು. ಕಡೆಗೆ ಅಲ್ಲಿಗೆ ಬರುತ್ತೇನೆ.

ನಾನು ಕಾಲೇಜಿನಲ್ಲಿ ಮೂವತ್ತು ವರ್ಷ ಮಾನವ ಭೂಗೋಳ ಕಲಿಸಿದವಳು. ಪುಸ್ತಕದ ಪದ ನಮ್ಮ ಊರಿಗೆ ಹೊಂದುವುದಿಲ್ಲ ಎಂಬ ನಿಮ್ಮ ಮಾತನ್ನು ಪ್ರತಿ ವರ್ಷ ಯಾರಾದರೊಬ್ಬ ವಿದ್ಯಾರ್ಥಿ ಹೇಳುತ್ತಿದ್ದರು, ಮತ್ತು ಪಾಠ ನಿಜವಾಗಿ ಶುರುವಾಗುತ್ತಿದ್ದುದು ಅಲ್ಲಿಂದಲೇ. ಈ ವಿಷಯದ ಪದಗಳೆಲ್ಲ ಸೇರು, ಪಾವು, ಬಳ್ಳಗಳಿದ್ದ ಹಾಗೆ. ಏನನ್ನೋ ಅಳೆಯಲು ಯಾರೋ ಮಾಡಿದ ಮಾಪನಗಳು. ಅಕ್ಕಿ ಅಳೆಯುವ ಸೇರಿನಲ್ಲಿ ಬಟ್ಟೆ ಅಳೆಯಲು ಹೋದರೆ ಗೊಂದಲವಾಗುತ್ತದೆ. ನಿಮ್ಮ ಊರಿನಲ್ಲಿ ಆಗಿರುವುದು ಅದೇ.

'ಪಟ್ಟಣ' ಎಂಬ ಪದದಿಂದಲೇ ಹೊರಡೋಣ. ನಮ್ಮ ದೇಶದಲ್ಲಿ ಪಟ್ಟಣಗಳು ಎರಡು ಬಗೆ. ಸರ್ಕಾರ ಕಾನೂನಿನ ಪ್ರಕಾರ ಅಧಿಸೂಚನೆ ಹೊರಡಿಸಿ ಪಟ್ಟಣ ಪಂಚಾಯತ್, ಪುರಸಭೆ, ನಗರಸಭೆ ಅಥವಾ ಮಹಾನಗರ ಪಾಲಿಕೆ ಎಂದು ಮಾಡಿದ ಊರುಗಳು ಒಂದು ಬಗೆ. ಇವು ಶಾಸನಬದ್ಧ ಪಟ್ಟಣಗಳು. ಇನ್ನೊಂದು ಬಗೆ ಜನಗಣತಿ ಪಟ್ಟಣ. ಅಲ್ಲಿ ಆಡಳಿತ ಗ್ರಾಮ ಪಂಚಾಯತಿನದೇ. ಆದರೆ ಮೂರು ಲಕ್ಷಣ ಕಂಡುಬಂದರೆ ಜನಗಣತಿ ಇಲಾಖೆ ಅದನ್ನು ತನ್ನ ಲೆಕ್ಕದ ಮಟ್ಟಿಗೆ ನಗರದ ಸಾಲಿಗೆ ಸೇರಿಸುತ್ತದೆ: ಜನಸಂಖ್ಯೆ ಕನಿಷ್ಠ 5,000, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ಮತ್ತು ದುಡಿಯುವ ಗಂಡಸರಲ್ಲಿ ಶೇ 75ರಷ್ಟು ಮಂದಿ ಬೇಸಾಯದ ಹೊರಗಿರಬೇಕು. 2001ರಲ್ಲಿ ದೇಶದಲ್ಲಿ ಇಂಥ ಜನಗಣತಿ ಪಟ್ಟಣಗಳು 1,362 ಇದ್ದವು. 2011ರಲ್ಲಿ 3,894. ನಿಮ್ಮ ಗಡಿಯಾಚೆಯ ಕೇರಳದಲ್ಲಂತೂ 99 ಇದ್ದದ್ದು 461 ಆಯಿತು. ಆ ರಾಜ್ಯದ ನಗರವಾಸಿಗಳ ಪಾಲು ಹತ್ತು ವರ್ಷದಲ್ಲಿ ಶೇ 26ರಿಂದ ಹೆಚ್ಚುಕಡಿಮೆ 48ಕ್ಕೆ ಏರಿತು. ಅಷ್ಟೂ ಜನ ಹಳ್ಳಿ ಬಿಟ್ಟು ನಗರಕ್ಕೆ ಹೋದರೆಂದಲ್ಲ. ಬಹುಪಾಲು ಮಂದಿ ಇದ್ದಲ್ಲೇ ಇದ್ದರು, ಅವರ ಊರಿನ ಹಣೆಪಟ್ಟಿ ಬದಲಾಯಿತು.

ನಗರೀಕರಣ ಎಂದರೆ ಹಳ್ಳಿಯವರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವುದು ಎಂದು ನಾವು ತಿಳಿದಿದ್ದೇವೆ. ಅದು ಒಂದು ದಾರಿ. ನಗರದಲ್ಲೇ ಹುಟ್ಟುವವರು ಸಾಯುವವರಿಗಿಂತ ಹೆಚ್ಚಾದರೆ ಅದು ಎರಡನೆಯ ದಾರಿ. ಮೂರನೆಯದು ಹೀಗೆ ಮರುವಿಂಗಡಣೆಯಿಂದ ಆಗುವಂಥದ್ದು. ನಿಮ್ಮ ಊರು ಈ ಮೂರನೆಯ ದಾರಿಯಲ್ಲಿ ಪಟ್ಟಣವಾದದ್ದು.

ಆದರೆ ಅಡಿಕೆ ತೋಟದ ಊರು "ಬೇಸಾಯದ ಹೊರಗಿನ" ಊರಾದದ್ದು ಹೇಗೆ? ನಿಮ್ಮ ಮಗಳ ಪುಸ್ತಕದಲ್ಲಿ ಇದಕ್ಕೆ ಉತ್ತರ ಸಿಗದು, ಅದಕ್ಕೇ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಜನಗಣತಿಯಲ್ಲಿ ದುಡಿಯುವವರನ್ನು ನಾಲ್ಕು ಗುಂಪು ಮಾಡುತ್ತಾರೆ: ಬೇಸಾಯಗಾರರು, ಕೃಷಿ ಕೂಲಿಗಳು, ಗೃಹ ಕೈಗಾರಿಕೆಯವರು, ಇತರೆ ಕೆಲಸಗಾರರು. ಬೇಸಾಯ ಎಂದರೆ ಭತ್ತ, ರಾಗಿ, ಜೋಳ, ಬೇಳೆಕಾಳು, ಕಬ್ಬಿನಂಥ ಬೆಳೆ. ಚಹಾ, ಕಾಫಿ, ರಬ್ಬರು, ತೆಂಗು, ಅಡಿಕೆ ಈ ಐದೂ ಪ್ಲಾಂಟೇಶನ್ ಬೆಳೆಗಳು. ಇವನ್ನು ಬೆಳೆಸುವುದು ಬೇಸಾಯವಲ್ಲ ಎಂದು ಜನಗಣತಿಯ ವ್ಯಾಖ್ಯೆಯಲ್ಲೇ ಇದೆ. ಹಾಗಾಗಿ ಬೆಳಗ್ಗೆ ಎದ್ದು ತೋಟಕ್ಕೆ ನೀರು ಬಿಡುವ, ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಸುವ, ಅಡಿಕೆ ಸುಲಿಸಿ ಮಾರುವ ನಿಮ್ಮ ಯಜಮಾನರು ಜನಗಣತಿಯ ಕಣ್ಣಿಗೆ 'ಇತರೆ ಕೆಲಸಗಾರ'. ಬ್ಯಾಂಕಿನ ಗುಮಾಸ್ತ, ಬಸ್ಸಿನ ಡ್ರೈವರ್ ಕೂಡ ಅದೇ ಗುಂಪಿನಲ್ಲಿರುತ್ತಾರೆ. ಬಯಲುಸೀಮೆಯ ರಾಗಿ ಹೊಲದ ಊರು ಶೇ 75ರ ಗೆರೆ ದಾಟಬೇಕಾದರೆ ಅಲ್ಲಿ ನಿಜಕ್ಕೂ ಕಾರ್ಖಾನೆಯೋ ಅಂಗಡಿ ಸಾಲೋ ಬರಬೇಕು. ಕರಾವಳಿಯ ತೋಟದ ಊರು ತೋಟವಾಗಿದ್ದುಕೊಂಡೇ ಆ ಗೆರೆಗೆ ಹತ್ತಿರವಾಗುತ್ತದೆ.

ಇದರ ಜೊತೆಗೆ, ಗಂಡಸರ ದುಡಿಮೆಯನ್ನು ಮಾತ್ರ ನೋಡುವ ನಿಯಮವಿದೆ. ನಿಮ್ಮ ಅತ್ತೆಯ ಬೀಡಿ ಆ ಶೇ 75ರ ಲೆಕ್ಕಕ್ಕೇ ಬರುವುದಿಲ್ಲ. ದುಬೈಯಲ್ಲಿರುವ ಮೈದುನನೂ ಬರುವುದಿಲ್ಲ, ಎಣಿಸುವುದು ಊರಿನಲ್ಲಿ ವಾಸ ಇರುವವರನ್ನು ಮಾತ್ರ. ಒಂದು ಊರನ್ನು ನಿಜವಾಗಿ ಸಾಕುತ್ತಿರುವ ಎರಡು ಸಂಪಾದನೆಗಳು, ಮನೆ ಜಗಲಿಯ ಬೀಡಿ ಮತ್ತು ಕಡಲಾಚೆಯ ಸಂಬಳ, ಆ ಊರು ಹಳ್ಳಿಯೋ ಪಟ್ಟಣವೋ ಎಂದು ತೀರ್ಮಾನಿಸುವ ಲೆಕ್ಕದಲ್ಲಿಲ್ಲ. ಇದು ಸರಿಯಲ್ಲ ಎಂದೇ ನನ್ನ ಅಭಿಪ್ರಾಯ. ಹೆಂಗಸರ ಕೆಲಸ ಕಾಣದ ಮಾಪನ ಕರಾವಳಿಯಂಥ ಕಡೆ ಅರ್ಧ ಊರನ್ನೇ ಕಾಣದೆ ಹೋಗುತ್ತದೆ.

ಇನ್ನು ಸಾಂದ್ರತೆ. ಒಟ್ಟು ಜನರನ್ನು ಒಟ್ಟು ನೆಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಗ್ರಾಮದ ವಿಸ್ತೀರ್ಣ 14 ಚದರ ಕಿಲೋಮೀಟರ್, ಜನ 6,500 ಎಂದಿಟ್ಟುಕೊಳ್ಳಿ: ಚದರ ಕಿಲೋಮೀಟರಿಗೆ 464. ಗೆರೆ ದಾಟಿತು. ಆದರೆ ಆ 464 ಜನ ಹೇಗೆ ಕೂತಿದ್ದಾರೆ ಎಂಬುದು ಸಂಖ್ಯೆಯಲ್ಲಿ ಕಾಣುವುದಿಲ್ಲ. ವಿಜಯಪುರದ ಕಡೆ ಹೋಗಿ ನೋಡಿ, ಗೋಡೆಗೆ ಗೋಡೆ ತಾಗಿದ ಮನೆಗಳು, ನಡುವೆ ಅಗಸಿ, ಗುಡಿ, ಬಾವಿ, ಸುತ್ತ ಕಣ್ಣು ಹಾಯುವಷ್ಟು ಹೊಲ. ನೀರು ಎಲ್ಲೆಡೆ ಸಿಗದ ಸೀಮೆಯಲ್ಲಿ ನೀರಿರುವ ಕಡೆ ಜನ ಒಟ್ಟಾದರು. ದಂಡಿನ ಭಯ, ಕಳ್ಳರ ಭಯವೂ ಅವರನ್ನು ಒಟ್ಟಿಗೆ ಸೇರಿಸಿತು. ಇದು ಗುಂಪು ವಸತಿ. ನಿಮ್ಮಲ್ಲಿ ಹಾಗಲ್ಲ. ಹೇರಳ ಮಳೆ, ಮನೆಗೊಂದು ಬಾವಿ, ಗುಡ್ಡದ ಇಳಿಜಾರು. ಬೈಲು, ಮಜಲು, ಬೆಟ್ಟು ಎಂದು ಮೇಲೆ ಮೇಲೆ ಹೋಗುವ ಗದ್ದೆಗಳು, ಅವರವರ ಗದ್ದೆಯ ಅಂಚಿಗೆ ಅವರವರ ಮನೆ. ಇದು ಚದುರಿದ ವಸತಿ. ಇಂಥ ಊರಿಗೆ 'ಊರ ನಡು' ಎಂಬುದೇ ಇರುವುದಿಲ್ಲ. ಹೀಗಾಗಿ ನಿಮ್ಮಲ್ಲಿ ಚದರ ಕಿಲೋಮೀಟರಿಗೆ 464 ಜನ ಇದ್ದರೂ ಪಕ್ಕದ ಮನೆಯ ದೀಪ ಮರಗಳ ಸಂದಿಯಲ್ಲಷ್ಟೇ ಕಾಣುತ್ತದೆ, ಊರು ಪಟ್ಟಣವೆಂದು ಅನ್ನಿಸುವುದೇ ಇಲ್ಲ.

ಭಾಗಿಸುವ ನೆಲ ಯಾವುದು ಎಂಬುದರಿಂದಲೂ ಅರ್ಥ ಬದಲಾಗುತ್ತದೆ. 2011ರಲ್ಲಿ ಉತ್ತರ ಕನ್ನಡದ ಸಾಂದ್ರತೆ 140 ಇತ್ತು, ರಾಜ್ಯದ ಸರಾಸರಿ 319. ಖಾಲಿ ಜಿಲ್ಲೆ ಎನಿಸುತ್ತದೆ. ಆದರೆ ಆ ಜಿಲ್ಲೆಯ ಐದರಲ್ಲಿ ಸುಮಾರು ನಾಲ್ಕು ಪಾಲು ಅರಣ್ಯ. ಉಳಿದ ನೆಲಕ್ಕೆ ಮಾತ್ರ ಜನರನ್ನು ಹಂಚಿದರೆ ಸಂಖ್ಯೆ 700ರ ಸುತ್ತ ಹೋಗುತ್ತದೆ. ಮೊದಲನೆಯದು ಗಣಿತೀಯ ಸಾಂದ್ರತೆ. ಕೃಷಿಗೆ ಒದಗುವ ನೆಲಕ್ಕಷ್ಟೇ ಜನರನ್ನು ಹಂಚುವ ಸಾಂದ್ರತೆ ಬೇರೆಯೇ ಇದೆ, ಅದಕ್ಕೆ ಪುಸ್ತಕಗಳಲ್ಲಿ ಬೇರೆ ಬೇರೆ ಹೆಸರು ಕಾಣುತ್ತವೆ. ಪರೀಕ್ಷೆಯಲ್ಲಿ ಹೆಸರು ಮರೆತರೂ, ಯಾವ ನೆಲದಿಂದ ಭಾಗಿಸಿದೆ ಎಂದು ನಿಮ್ಮ ಮಗಳು ಬರೆದರೆ ಅವಳಿಗೆ ವಿಷಯ ಗೊತ್ತಿದೆ ಎಂದೇ ಅರ್ಥ.

ಈಗ ನಿಮ್ಮ ಅತ್ಯುತ್ತಮ ಪ್ರಶ್ನೆಗೆ ಬರೋಣ. ಜನ ತುಂಬಿದ್ದರೆ ಮಕ್ಕಳೆಲ್ಲಿ?

ಸ್ಫೋಟ ಎಂಬ ಪದ ನಿಮ್ಮ ಜಿಲ್ಲೆಗೆ ಸಲ್ಲದು. 2001ರಿಂದ 2011ರವರೆಗೆ ರಾಜ್ಯದ ಜನಸಂಖ್ಯೆ ಶೇ 15.6ರಷ್ಟು, ಬೆಂಗಳೂರು ನಗರ ಜಿಲ್ಲೆಯದು ಶೇ 47ರಷ್ಟು ಏರಿತು. ದಕ್ಷಿಣ ಕನ್ನಡದಲ್ಲಿ ಏರಿದ್ದು ಸುಮಾರು ಶೇ 10. ಉಡುಪಿಯಲ್ಲಿ ಶೇ 6ಕ್ಕೂ ಕಡಿಮೆ. ಚಿಕ್ಕಮಗಳೂರಿನಲ್ಲಿ ಜನ ತುಸು ಕಡಿಮೆಯೇ ಆದರು. ಒಬ್ಬ ಹೆಣ್ಣಿಗೆ ಸರಾಸರಿ ಎಷ್ಟು ಮಕ್ಕಳು ಎನ್ನುವ ಒಟ್ಟು ಫಲವಂತಿಕೆ ದರ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 1.7. ತಂದೆ ತಾಯಿಯ ಜಾಗವನ್ನು ಮಕ್ಕಳು ತುಂಬಬೇಕಾದರೆ ಅದು 2.1ರ ಆಸುಪಾಸು ಇರಬೇಕು. ಅಂದರೆ ನಮ್ಮ ಮುಂದಿನ ತಲೆಮಾರು ಈ ತಲೆಮಾರಿಗಿಂತ ಚಿಕ್ಕದು.

ಹಾಗಿದ್ದರೆ ಹೊಸ ಮನೆಗಳು ಯಾಕೆ? ನಿಮ್ಮ ಗಂಡನ ಅಜ್ಜನ ಕಾಲವನ್ನು ಊಹಿಸಿಕೊಳ್ಳಿ. ಒಂದು ನಾಲ್ಕಂಕಣದ ಮನೆ, ಹನ್ನೆರಡು ಜನ. ಪಾಲಾದ ಮೇಲೆ ಅದೇ ಕುಟುಂಬಕ್ಕೆ ನಾಲ್ಕು ಮನೆ, ಒಂದೊಂದರಲ್ಲಿ ಮೂವರು. ಜನ ಹನ್ನೆರಡೇ. ಅದರಲ್ಲೂ ಒಂದು ಮನೆ ದುಬೈಯ ದುಡ್ಡಿನಲ್ಲಿ ಎದ್ದದ್ದು, ವರ್ಷದಲ್ಲಿ ಹನ್ನೊಂದು ತಿಂಗಳು ಬೀಗ. ನಾವು ಮನೆ ನೋಡಿ ಜನರನ್ನು ಅಂದಾಜು ಮಾಡುತ್ತೇವೆ. ಭೂಗೋಳದಲ್ಲಿ ಮನೆ ಬೇರೆ, ಒಲೆ ಹಂಚಿಕೊಳ್ಳುವ ಕುಟುಂಬ ಬೇರೆ, ಜನಸಂಖ್ಯೆ ಬೇರೆ. ಮೂರೂ ಒಂದೇ ವೇಗದಲ್ಲಿ ಹೋಗುವುದಿಲ್ಲ.

ಶಾಲೆ ಬರಿದಾಗಲು ಇದೊಂದೇ ಕಾರಣವಲ್ಲ. ಹಳದಿ ವ್ಯಾನು ಮನೆ ಬಾಗಿಲಿಗೆ ಬಂದು ಮಕ್ಕಳನ್ನು ದೂರದ ಇಂಗ್ಲಿಷ್ ಮಾಧ್ಯಮಕ್ಕೆ ಕೊಂಡೊಯ್ಯುತ್ತದೆ ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದರೆ ಒಂದು ಸೇವೆ ಉಳಿಯಬೇಕಾದರೆ ಅದಕ್ಕೆ ಕನಿಷ್ಠ ಇಷ್ಟು ಬಳಕೆದಾರರು ಬೇಕು, ಮತ್ತು ಜನ ಅದಕ್ಕಾಗಿ ಇಷ್ಟು ದೂರ ಬರಲು ಸಿದ್ಧರಿರಬೇಕು. ವಾಲ್ಟರ್ ಕ್ರಿಸ್ಟಾಲರ್ ಎಂಬ ಜರ್ಮನ್ ಭೂಗೋಳಜ್ಞ ದಕ್ಷಿಣ ಜರ್ಮನಿಯ ಪೇಟೆಗಳನ್ನು ನೋಡಿ 1933ರಲ್ಲಿ ಹೇಳಿದ ಕೇಂದ್ರ ಸ್ಥಳ ಸಿದ್ಧಾಂತದ ಬೀಜ ಇಷ್ಟೇ. ಹುಟ್ಟುವ ಮಕ್ಕಳು ಕಡಿಮೆಯಾದರು, ವ್ಯಾನು ದೂರವನ್ನು ಕಡಿಮೆ ಮಾಡಿತು. ಎರಡೂ ಕಡೆಯಿಂದ ಏಟು ಬಿದ್ದದ್ದು ಊರ ಶಾಲೆಗೆ.

"ಹೊರಗಿನವರು" ಎಂಬ ಮಾತು ನನಗೆ ಸ್ವಲ್ಪ ನೋವು ಕೊಟ್ಟಿತು, ಅದನ್ನು ಹೇಳಿಬಿಡುತ್ತೇನೆ. ಜನಗಣತಿಯಲ್ಲಿ ಈ ಹಿಂದೆ ಬೇರೆ ಊರಿನಲ್ಲಿ ವಾಸವಿದ್ದು ಇಲ್ಲಿಗೆ ಬಂದವರೆಲ್ಲ ವಲಸೆ ಬಂದವರೇ. 2011ರಲ್ಲಿ ದೇಶದಲ್ಲಿ ಅಂಥವರು 45 ಕೋಟಿಗೂ ಹೆಚ್ಚು. ಹೆಂಗಸರಲ್ಲಿ ಇದಕ್ಕೆ ಎಲ್ಲಕ್ಕಿಂತ ದೊಡ್ಡ ಕಾರಣ ಮದುವೆ. ಪುತ್ತೂರಿನಿಂದ ಸೊಸೆಯಾಗಿ ಬಂದ ನೀವೂ ಆ ಲೆಕ್ಕದಲ್ಲಿ ವಲಸಿಗರೇ. 1885ರಲ್ಲಿ ರೇವನ್‌ಸ್ಟೀನ್ ಎಂಬವರು ಬ್ರಿಟನ್ನಿನ ಜನಗಣತಿ ಓದಿ ವಲಸೆಯ ಕೆಲವು ನಿಯಮಗಳನ್ನು ಬರೆದರು: ಹೆಚ್ಚಿನ ವಲಸೆ ಹತ್ತಿರದ ಊರಿಗೇ ಆಗುತ್ತದೆ, ಮತ್ತು ಜನರ ಪ್ರತಿ ಹರಿವಿಗೂ ಒಂದು ಎದುರು ಹರಿವು ಇರುತ್ತದೆ. ಕರಾವಳಿಗೆ ಇದು ಎಷ್ಟು ಹೊಂದುತ್ತದೆ ನೋಡಿ. ನಿಮ್ಮ ಹಿರಿಯರು ಮುಂಬೈಯ ಹೋಟೆಲುಗಳಿಗೆ ಹೋದರು, ಆಮೇಲಿನವರು ಕೊಲ್ಲಿ ದೇಶಗಳಿಗೆ. ಅವರು ಬಿಟ್ಟುಹೋದ ಕೆಲಸಕ್ಕೆ, ಅವರು ಕಳಿಸಿದ ದುಡ್ಡಿನಲ್ಲಿ ಕಟ್ಟುವ ಮನೆಗೆ, ಉತ್ತರ ಕರ್ನಾಟಕದಿಂದಲೂ ಜಾರ್ಖಂಡ್, ಬಂಗಾಳಗಳಿಂದಲೂ ಜನ ಬಂದರು. ದುಬೈಯಲ್ಲಿ ನಿಮ್ಮ ಮೈದುನ ಯಾರ ಕಣ್ಣಿಗೋ ಹೊರಗಿನವನು. ಹೋಗುವ ಊರಿನ ಸೆಳೆತ, ಬಿಟ್ಟ ಊರಿನ ದೂಡಿಕೆ ಎಂದು ಪುಸ್ತಕದಲ್ಲಿ ಇರುವುದನ್ನು ನಿಮ್ಮ ಮಗಳು ತನ್ನ ಮನೆಯ ನಾಲ್ಕು ಜನರನ್ನೇ ಇಟ್ಟುಕೊಂಡು ಬರೆಯಬಹುದು.

ಲಿಂಗಾನುಪಾತಕ್ಕೂ ಇದೇ ಕೀಲಿಕೈ. 2011ರಲ್ಲಿ ಉಡುಪಿಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು, ದಕ್ಷಿಣ ಕನ್ನಡದಲ್ಲಿ 1,020. ಇಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟುತ್ತಾರೆ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಆರು ವರ್ಷದೊಳಗಿನ ಮಕ್ಕಳನ್ನು ಮಾತ್ರ ನೋಡಿದರೆ ಈ ಜಿಲ್ಲೆಗಳಲ್ಲೂ ಹೆಣ್ಣುಮಕ್ಕಳು ಸಾವಿರಕ್ಕಿಂತ ಕಡಿಮೆಯೇ. ದೊಡ್ಡವರಲ್ಲಿ ಹೆಂಗಸರು ಹೆಚ್ಚು ಕಾಣಲು ಮುಖ್ಯ ಕಾರಣ, ಎಣಿಸುವ ದಿನ ಅನೇಕ ಗಂಡಸರು ಊರಿನಲ್ಲಿಲ್ಲ.

ಇನ್ನು ವಾಟ್ಸಾಪ್ ಭಯಗಳು. ಇವಕ್ಕೆಲ್ಲ ಉತ್ತರ ಒಂದೇ ವ್ಯತ್ಯಾಸದಲ್ಲಿದೆ: ಜನಗಣತಿಯ ಪಟ್ಟಣ ಬೇರೆ, ಶಾಸನದ ಪಟ್ಟಣ ಬೇರೆ. ಮನೆ ತೆರಿಗೆ ನಿಗದಿ ಮಾಡುವುದು ನಿಮ್ಮ ಸ್ಥಳೀಯ ಸಂಸ್ಥೆ. ಅದು ಗ್ರಾಮ ಪಂಚಾಯತ್ ಆಗಿರುವ ತನಕ ಪಂಚಾಯತಿನ ದರವೇ. ಸರ್ಕಾರಿ ನೇಮಕಾತಿಯ ಗ್ರಾಮೀಣ ಮೀಸಲಾತಿಯಲ್ಲಿ ನೋಡುವುದು ಅಭ್ಯರ್ಥಿ ಒಂದರಿಂದ ಹತ್ತನೇ ತರಗತಿವರೆಗೆ ಓದಿದ ಶಾಲೆಯ ಜಾಗ ಪೌರ ಕಾಯ್ದೆಗಳ ಪ್ರಕಾರ ನಗರ ಪ್ರದೇಶದ ಹೊರಗಿತ್ತೇ ಎಂದು. ಜನಗಣತಿ ಪಟ್ಟಿಯಲ್ಲಿ ಹೆಸರಿದ್ದರೆ ಅಡ್ಡಿಯಿಲ್ಲ. ಆದರೂ ಮಗಳ ಗ್ರಾಮೀಣ ವ್ಯಾಸಂಗ ಪ್ರಮಾಣಪತ್ರವನ್ನು ಶಾಲೆಯಿಂದ ಪಡೆದು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಹಾಕಿಸಿ ಈಗಲೇ ಎತ್ತಿಡಿ. ಶಾಲೆ ಮುಚ್ಚಿದ ಮೇಲೆ ದಾಖಲೆ ಹುಡುಕಲು ಅಲೆದ ಮಕ್ಕಳನ್ನು ನಾನು ನೋಡಿದ್ದೇನೆ. ಕುಮ್ಕಿ ಕಂದಾಯದ ವಿಷಯ, ಅದಕ್ಕೂ ಜನಗಣತಿಗೂ ಸಂಬಂಧವಿಲ್ಲ.

ನಿಜವಾದ ಬದಲಾವಣೆ ಬರುವುದು ರಾಜ್ಯ ಸರ್ಕಾರ ನಿಮ್ಮ ಗ್ರಾಮವನ್ನು ಪಟ್ಟಣ ಪಂಚಾಯತ್ ಮಾಡಲು ಅಥವಾ ಪಕ್ಕದ ಪುರಸಭೆಗೆ ಸೇರಿಸಲು ಹೊರಟರೆ. ಪಟ್ಟಣ ಪಂಚಾಯತಿಗೆ ಸಾಮಾನ್ಯವಾಗಿ 10,000 ಜನ ಬೇಕು. ಒಂದು ಗ್ರಾಮಕ್ಕೆ ಅಷ್ಟಿಲ್ಲದಿದ್ದರೆ ಅಕ್ಕಪಕ್ಕದ ಎರಡು ಮೂರು ಗ್ರಾಮ ಸೇರಿಸುತ್ತಾರೆ. ಇದು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಹೆದ್ದಾರಿ ಪಕ್ಕದ ಊರುಗಳಲ್ಲಿ ಕಸ ಎಲ್ಲಿ ಹಾಕುವುದು, ಬಾಡಿಗೆ ಕಟ್ಟಡಗಳ ಕೊಳಚೆ ಎಲ್ಲಿ ಬಿಡುವುದು ಎಂದು ಗ್ರಾಮ ಪಂಚಾಯತ್‌ಗಳು ಕೈಚೆಲ್ಲಿ ಕೂತಿರುತ್ತವೆ. ಪಕ್ಕದ ಮನೆಯ ಇಂಗುಗುಂಡಿಯಿಂದ ನಿಮ್ಮ ಬಾವಿ ನೀರು ಹಾಳಾದರೆ ಯಾರನ್ನು ಕೇಳುವುದು? ಆ ಕೆಲಸಕ್ಕೆ ಬೇಕಾದ ಇಂಜಿನಿಯರು, ಆರೋಗ್ಯ ನಿರೀಕ್ಷಕರು ಸಿಗುವುದು ನಗರ ಸಂಸ್ಥೆಯಲ್ಲೇ. ಕಳೆದುಕೊಳ್ಳುವುದೂ ಇದೆ. ಗ್ರಾಮಸಭೆ ಇರುವುದಿಲ್ಲ. ಗ್ರಾಮ ಪಂಚಾಯತಿನಲ್ಲಿ ಸುಮಾರು 400 ಜನರಿಗೊಬ್ಬ ಸದಸ್ಯ, ಪಟ್ಟಣದಲ್ಲಿ ಅಷ್ಟು ಹತ್ತಿರದ ಪ್ರತಿನಿಧಿ ಸಿಗುವುದಿಲ್ಲ. ತೆರಿಗೆ, ಕಟ್ಟಡ ಪರವಾನಗಿಯ ಖರ್ಚು ಏರುತ್ತದೆ. ಉದ್ಯೋಗ ಖಾತ್ರಿಯ 2005ರ ಕಾಯ್ದೆಯಲ್ಲಿ ಗ್ರಾಮೀಣ ಪ್ರದೇಶವೆಂದರೆ ನಗರ ಸ್ಥಳೀಯ ಸಂಸ್ಥೆಗಳ ಹೊರಗಿನ ಪ್ರದೇಶ ಎಂದೇ ಇತ್ತು. ಅಂಥ ಯೋಜನೆಗಳಿಂದ ತೋಟದ ಬಾವಿ, ಇಂಗುಗುಂಡಿ ಮಾಡಿಸಿಕೊಂಡವರಿಗೆ ಇದು ದೊಡ್ಡ ವ್ಯತ್ಯಾಸ. ಅಕ್ರಮ–ಸಕ್ರಮದ ಅರ್ಜಿ ಬಾಕಿ ಇದ್ದರೆ ಪಟ್ಟಣದ ಗಡಿಯಿಂದ ಜಮೀನಿಗಿರುವ ದೂರವೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಈಗಲೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ.

ಅಂಥ ಪ್ರಸ್ತಾವ ಬಂದರೆ ಮೊದಲು ಕರಡು ಅಧಿಸೂಚನೆ ಹೊರಡುತ್ತದೆ, ಆಕ್ಷೇಪಣೆಗೆ ಗಡುವು ಇರುತ್ತದೆ. ಆ ಗಡುವಿನೊಳಗೆ ಬರೆದುಕೊಟ್ಟ ಮಾತಿಗೆ ಬೆಲೆ ಇದೆ, ಆಮೇಲಿನ ಪ್ರತಿಭಟನೆಗೆ ಅಷ್ಟಿಲ್ಲ. ನಾನಾದರೆ 'ಬೇಡ' ಎಂದಷ್ಟೇ ಬರೆಯುವುದಿಲ್ಲ. ಹೆದ್ದಾರಿ ಅಂಚಿನ ವಾರ್ಡುಗಳನ್ನು ಸೇರಿಸಿ, ಒಳಗಿನ ತೋಟದ ಬೈಲುಗಳನ್ನು ಗ್ರಾಮವಾಗಿ ಬಿಡಿ ಎಂದು ನಕ್ಷೆಯ ಸಮೇತ ಕೇಳುತ್ತೇನೆ. ಆ ನಕ್ಷೆ ಬಿಡಿಸಲು ನಿಮ್ಮ ಮಗಳಷ್ಟು ಸರಿಯಾದವರು ಯಾರೂ ಇಲ್ಲ. ಪಿಯುಸಿಯ ಪ್ರಾಯೋಗಿಕ ಕೆಲಸಕ್ಕೂ ಅದು ಒದಗುತ್ತದೆ.

ಇನ್ನೊಂದು ವಿಷಯ. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಣಿಕೆಯ ದಿನವೆಂದು ನಿಗದಿಯಾಗಿದೆ. ಗಣತಿದಾರರು ಮನೆಗೆ ಬಂದು, ಏನು ಕೆಲಸ ಮಾಡುತ್ತೀರಿ ಎಂದು ಕೇಳಿದಾಗ ನಿಮ್ಮ ಅತ್ತೆ ತೊಡೆಯ ಮೇಲೆ ಮೊರ ಇಟ್ಟುಕೊಂಡೇ 'ಕೆಲಸ ಏನಿಲ್ಲ, ಮನೆಯಲ್ಲೇ ಇದ್ದೇನೆ' ಎಂದುಬಿಡುತ್ತಾರೆ. ಬಹುತೇಕ ಎಲ್ಲ ಅತ್ತೆಯಂದಿರೂ ಹಾಗೇ ಹೇಳುತ್ತಾರೆ. ಬೀಡಿ ಕಟ್ಟುವುದು ಜನಗಣತಿಯಲ್ಲಿ ಗೃಹ ಕೈಗಾರಿಕೆ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ಮಾಡಿದ್ದರೆ ಅವರು ಮುಖ್ಯ ಕೆಲಸಗಾರರು. ಆ ದಿನ ನೀವು ಪಕ್ಕದಲ್ಲಿದ್ದು ಅದನ್ನು ಬರೆಸಿ. ತೋಟಕ್ಕೆ ಗೊಬ್ಬರ ಹೊರುವ, ಅಡಿಕೆ ಹೆಕ್ಕುವ, ದನಕ್ಕೆ ಹುಲ್ಲು ತರುವ ನಿಮ್ಮ ಕೆಲಸವನ್ನೂ ಬರೆಸಿ.